ಸರ್ಕಾರಿ ಜೀಪಿನ ಲೆಕ್ಕ ಕೇಳಿದರೆ ತಪ್ಪೇ?

ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಹೋಗುವ ತಾಯಂದಿರು ಈ ನೋಟವನ್ನು ಕಂಡೇ ಇರುತ್ತೀರಿ. ಗೇಟಿನ ಮುಂದೆ ಆಟೋ, ಸ್ಕೂಟರು, ಸೈಕಲ್ಲುಗಳ ನೂಕುನುಗ್ಗಲು. ಅದರ ಮಧ್ಯೆ ಒಂದು ಬಿಳಿ ಜೀಪು ಬಂದು ನಿಲ್ಲುತ್ತದೆ. ಡ್ರೈವರ್ ಇಳಿದು ಹಿಂದಿನ ಬಾಗಿಲು ತೆಗೆದು, ಪುಟ್ಟ ಮಗುವಿನ ಕೈಗೆ ನೀರಿನ ಬಾಟಲಿ ಕೊಟ್ಟು, ಚೀಲವನ್ನು ತಾನೇ ಹೊತ್ತುಕೊಂಡು ಒಳಗೆ ಬಿಟ್ಟು ಬರುತ್ತಾನೆ. ಜೀಪಿನ ಮುಂದೆ ‘ಕರ್ನಾಟಕ ಸರ್ಕಾರ’ ಎಂದು ಬರೆದಿರುತ್ತದೆ. ಆ ಬರಹ ಇಲ್ಲದಿದ್ದರೂ ನಂಬರ್ ಪ್ಲೇಟು ನೋಡಿದರೆ ಗೊತ್ತಾಗುತ್ತದೆ. ಕೆಎ ಅಂತ ಶುರುವಾಗಿ, ಎರಡು ಅಂಕಿ ಆದಮೇಲೆ ‘ಜಿ’ ಅಕ್ಷರ ಬಂದರೆ ಅದು ಸರ್ಕಾರದ ಗಾಡಿ.

ನಾವು ನೋಡುತ್ತೇವೆ. ಪಕ್ಕದಲ್ಲಿ ನಿಂತವರ ಮುಖ ನೋಡಿ ಹುಬ್ಬು ಹಾರಿಸುತ್ತೇವೆ. “ಅವರಿಗೇನ್ರೀ, ಸರ್ಕಾರದ ಪೆಟ್ರೋಲು” ಅಂತ ಒಂದು ಮಾತು ಆಡಿ ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುತ್ತೇವೆ. ಅಲ್ಲಿಗೆ ಮುಗಿಯಿತು. ಆದರೆ ಆ ಜೀಪಿಗೆ ಒಂದು ಲೆಕ್ಕದ ಪುಸ್ತಕ ಇದೆ, ಆ ಪುಸ್ತಕವನ್ನು ನಾನೂ ನೀವೂ ತೆಗೆಸಿ ನೋಡಬಹುದು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅದರ ಹೆಸರು ಲಾಗ್ ಬುಕ್. ಪ್ರತಿಯೊಂದು ಸರ್ಕಾರಿ ವಾಹನಕ್ಕೂ ಇದನ್ನು ಇಡಲೇಬೇಕು. ಯಾವ ದಿನ, ಎಷ್ಟು ಗಂಟೆಗೆ ಹೊರಟಿತು, ಎಲ್ಲಿಂದ ಎಲ್ಲಿಗೆ ಹೋಯಿತು, ಹೊರಡುವಾಗ ಮೀಟರಿನಲ್ಲಿ ಎಷ್ಟು ಕಿಲೋಮೀಟರು ಇತ್ತು, ವಾಪಸು ಬಂದಾಗ ಎಷ್ಟಾಯಿತು, ಯಾವ ಕೆಲಸಕ್ಕೆ ಹೋದದ್ದು, ಎಷ್ಟು ಲೀಟರು ಡೀಸೆಲ್ ಹಾಕಿಸಿದ್ದು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಬರೆಯುವವನು ಡ್ರೈವರ್. ಸಹಿ ಮಾಡುವವರು ಗಾಡಿಯಲ್ಲಿ ಕೂತ ಸಾಹೇಬರು. ಈ ಸಹಿಯ ಮಾತು ನೆನಪಿರಲಿ, ಮುಂದೆ ಬರುತ್ತದೆ. ಈಚೆಗೆ ಎಷ್ಟೋ ಕಚೇರಿಗಳಲ್ಲಿ ಸ್ವಂತ ಗಾಡಿಯ ಬದಲು ತಿಂಗಳ ಬಾಡಿಗೆಗೆ ಹಳದಿ ಬೋರ್ಡಿನ ಟ್ಯಾಕ್ಸಿ ಇಟ್ಟುಕೊಂಡಿದ್ದಾರೆ. ಬಾಡಿಗೆಯೂ ನಮ್ಮ ತೆರಿಗೆಯ ದುಡ್ಡೇ ಆದ್ದರಿಂದ ಅದರ ಓಡಾಟಕ್ಕೂ ಲೆಕ್ಕ ಇರಲೇಬೇಕು.

ಲೆಕ್ಕ ಕೇಳುವುದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮಾಹಿತಿ ಹಕ್ಕಿನ ಕಾಯ್ದೆ ಹುಟ್ಟಿದ್ದೇ ಒಂದು ಬಗೆಯಲ್ಲಿ ಹೀಗೆ ಲೆಕ್ಕ ಕೇಳಿದ ಹೆಂಗಸರಿಂದ. ರಾಜಸ್ಥಾನದ ಹಳ್ಳಿಗಳಲ್ಲಿ ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊತ್ತ ಕೂಲಿಗಳು, ನಮ್ಮ ಹೆಸರಿನಲ್ಲಿ ಎಷ್ಟು ಕೂಲಿ ಬರೆದಿದ್ದೀರಿ, ಹಾಜರಿ ಪಟ್ಟಿ ತೋರಿಸಿ ಎಂದು ಪಟ್ಟು ಹಿಡಿದರು. ಅರುಣಾ ರಾಯ್ ಮತ್ತು ಅವರ ಸಂಗಡಿಗರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತಿತು. ಆ ಕಾಲದಲ್ಲಿ ದೆಹಲಿಯಲ್ಲಿ ಪತ್ರಕರ್ತರು, ನಾಲ್ಕನೇ ತರಗತಿಯವರೆಗೆ ಓದಿದ ಒಬ್ಬ ಹೆಂಗಸನ್ನು, ನಿನಗೆ ಈ ಮಾಹಿತಿಯೆಲ್ಲ ಯಾಕಮ್ಮ ಎಂದು ಕೇಳಿದರಂತೆ. ಮಗನ ಕೈಗೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿದರೆ ಬಂದಮೇಲೆ ಲೆಕ್ಕ ಕೇಳುತ್ತೇನೆ, ನನ್ನ ಹೆಸರಿನಲ್ಲಿ ಸರ್ಕಾರ ಕೋಟಿಗಟ್ಟಲೆ ಖರ್ಚು ಮಾಡುತ್ತದೆ, ಅದರ ಲೆಕ್ಕ ಕೇಳಬಾರದೇ ಎಂಬ ಅರ್ಥದಲ್ಲಿ ಆಕೆ ಉತ್ತರ ಕೊಟ್ಟಳು. ಅರುಣಾ ರಾಯ್ ಈ ಮಾತನ್ನು ಅನೇಕ ಸಭೆಗಳಲ್ಲಿ ಹೇಳಿದ್ದಾರೆ. ಕೊನೆಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ತಿಯಾಗಿ ಜಾರಿಗೆ ಬಂತು.

ಹಾಲಿನ ಕ್ಯಾಲೆಂಡರಿನ ಪಕ್ಕದಲ್ಲಿ

ನಮ್ಮ ತಾಲ್ಲೂಕಿನ ಊರಿನಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ ಇದ್ದಾರೆ. ಊರಿಗೆಲ್ಲ ಅವರು ಟೀಚರಮ್ಮ. ಹೆಸರು ಬೇಡ, ಅವರಿಗೂ ಅದು ಇಷ್ಟವಿಲ್ಲ. ಅವರ ಮನೆ ಒಂದು ಖಾಸಗಿ ಶಾಲೆಯ ಎದುರಿಗಿದೆ. ಬೆಳಿಗ್ಗೆ ಹಾಲಿನವನು ಹಾಕಿದ ಹಾಲನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಅವರ ವಾಡಿಕೆ. 2024ರ ಜುಲೈ ತಿಂಗಳಲ್ಲಿ ಹಾಲಿನ ಗುರುತಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಗುರುತು ಬೀಳತೊಡಗಿತು. ಒಂದು ಕಚೇರಿಯ ಜೀಪು ಶಾಲೆಯ ಮುಂದೆ ನಿಂತ ದಿನಗಳು ಅವು. ತಿಂಗಳ ಕೊನೆಗೆ ಎಣಿಸಿದರೆ 19 ಬೆಳಗು.

ಟೀಚರಮ್ಮ ಬೀದಿಯಲ್ಲಿ ನಿಂತು ಕೂಗಾಡಲಿಲ್ಲ. ಮೊಬೈಲಿನಲ್ಲಿ ಫೋಟೋ ಹಿಡಿದು ಊರಿಗೆಲ್ಲ ಹಂಚಲೂ ಇಲ್ಲ. ಆ ಮಗುವಿನ ಮುಖ ಫೋಟೋದಲ್ಲಿ ಬರುತ್ತದಲ್ಲ, ಮಗು ಏನು ತಪ್ಪು ಮಾಡಿದೆ ಎಂದು ನನ್ನ ಹತ್ತಿರ ಹೇಳಿದರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಜುಲೈ ತಿಂಗಳ ಲಾಗ್ ಬುಕ್ಕಿನ ಪ್ರತಿ ಕೊಡಿ ಎಂದು ಅರ್ಜಿ ಹಾಕಿದರು, ಅಷ್ಟೆ.

ಊರು ಸುಮ್ಮನಿರುತ್ತದೆಯೇ? “ಟೀಚರಮ್ಮಂಗೆ ಪೆನ್ಷನ್ ಬರುತ್ತೆ, ಹೊತ್ತು ಹೋಗಲ್ಲ” ಎಂದರು ಕೆಲವರು. “ಅವರ ಪೈಕಿ ಯಾರಿಗೋ ಆ ಕಚೇರಿಯಲ್ಲಿ ಕೆಲಸ ಆಗಿಲ್ಲವಂತೆ” ಎಂದರು ಇನ್ನು ಕೆಲವರು. ದೇವಸ್ಥಾನದಲ್ಲಿ ಒಬ್ಬಾಕೆ ಎದುರಿಗೇ ಕೇಳಿದರು: “ಏನ್ರೀ ಟೀಚರಮ್ಮ, ನಿಮಗ್ಯಾಕೆ ಊರ ಉಸಾಬರಿ? ಪಾಪ, ಮಗು ಶಾಲೆಗೆ ಹೋದರೆ ನಿಮಗೇನು ನಷ್ಟ?” ಟೀಚರಮ್ಮ ಕುಂಕುಮ ಇಟ್ಟುಕೊಂಡು ಸುಮ್ಮನೆ ಬಂದರು.

ಮೊದಲು ಬಂದ ಉತ್ತರ ‘ವೈಯಕ್ತಿಕ ಮಾಹಿತಿ, ಕೊಡಲಾಗುವುದಿಲ್ಲ’ ಎಂಬ ಒಂದೇ ಸಾಲಿನದು. ಅವರು ಮೇಲ್ಮನವಿ ಹಾಕಿದರು. ಸರ್ಕಾರದ ಗಾಡಿ ಸರ್ಕಾರದ ಕೆಲಸಕ್ಕೆ ಓಡಿದ ಲೆಕ್ಕ ವೈಯಕ್ತಿಕ ಹೇಗಾಗುತ್ತದೆ, ವೈಯಕ್ತಿಕ ಎನ್ನುವುದಾದರೆ ವೈಯಕ್ತಿಕ ಕೆಲಸಕ್ಕೆ ಓಡಿದೆ ಎಂದು ನೀವೇ ಒಪ್ಪಿದ ಹಾಗಾಯಿತಲ್ಲ ಎಂದು ಕೇಳಿದರು. ಮೇಷ್ಟರಿಕೆ ಮಾಡಿದವರ ಮುಂದೆ ವಾದ ನಡೆಯುವುದಿಲ್ಲ, ನೋಡಿ! 14 ಪುಟಗಳ ನಕಲು ಬಂತು. ಪುಟಕ್ಕೆ ಎರಡು ರೂಪಾಯಿಯಂತೆ 28 ರೂಪಾಯಿ ಕಟ್ಟಿದರು.

ಆ ಪುಟಗಳನ್ನೂ ಹಾಲಿನ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಾಗ ಏನು ಸಿಕ್ಕಿತು? ಎಂಟು ದಿನ ಶಾಲೆಯ ಓಡಾಟ ಬರೆದೇ ಇರಲಿಲ್ಲ. ಗಾಡಿ ಹತ್ತು ಗಂಟೆಗೆ ಕಚೇರಿಯಿಂದಲೇ ಹೊರಟ ಹಾಗೆ ಇತ್ತು. ಮಿಕ್ಕ 11 ಬೆಳಗಿನಲ್ಲಿ, ಶಾಲೆಯ ಗೇಟಿನ ಮುಂದಿದ್ದ ಜೀಪು ಅದೇ ಹೊತ್ತಿಗೆ 30 ಕಿಲೋಮೀಟರು ಆಚೆಯ ಹೋಬಳಿಯಲ್ಲಿತ್ತು ಎಂದು ಬರೆದಿತ್ತು. ಅದರಲ್ಲೂ ನಾಲ್ಕು ದಿನದ ಮುಂದೆ ‘ಬಾಲಕಿಯರ ಹಾಸ್ಟೆಲ್ ತಪಾಸಣೆ’ ಎಂದಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಪೆಟ್ರೋಲಿನ ಕಥೆಯಾಗಿ ಮುಗಿಯುತ್ತಿತ್ತು. ಟೀಚರಮ್ಮ ಬಸ್ಸು ಹತ್ತಿ ಆ ಹಾಸ್ಟೆಲ್ಲಿಗೆ ಹೋದರು. ಅಲ್ಲಿಯ ಅಡುಗೆಯವರು ಅವರ ಹಳೆಯ ವಿದ್ಯಾರ್ಥಿನಿ. ಭೇಟಿ ಪುಸ್ತಕದಲ್ಲಿ ಆ ನಾಲ್ಕು ದಿನವೂ ಯಾವ ಸಾಹೇಬರೂ ಬಂದ ಗುರುತಿಲ್ಲ. ಅದೇ ಜುಲೈನಲ್ಲಿ ಹಾಸ್ಟೆಲ್ಲಿನ ನೀರಿನ ಮೋಟಾರು ಸುಟ್ಟು ಮೂರು ವಾರ ಹಾಗೇ ಬಿದ್ದಿತ್ತಂತೆ. ಹೈಸ್ಕೂಲಿನ ಹುಡುಗಿಯರು ಜಡಿಮಳೆಯಲ್ಲಿ ಬೆಳಿಗ್ಗೆ ಐದು ಗಂಟೆಗೆ ಎದ್ದು, ರಸ್ತೆಯಾಚೆಯ ಬೋರ್‌ವೆಲ್ಲಿನಿಂದ ಕೊಡದಲ್ಲಿ ನೀರು ಹೊತ್ತು, ಆಮೇಲೆ ತರಗತಿಗೆ ಹೋಗಿದ್ದಾರೆ. ತಿಂಗಳ ಮುಟ್ಟಿನ ದಿನಗಳಲ್ಲಿ ಆ ಮಕ್ಕಳ ಪಾಡು ಏನಾಗಿರಬೇಕು, ನೀವೇ ಊಹಿಸಿಕೊಳ್ಳಿ. ಕಾಗದದ ಮೇಲೆ ಮಾತ್ರ ನಾಲ್ಕು ಸಲ ತಪಾಸಣೆ ನಡೆದು ಎಲ್ಲ ಸರಿಯಾಗಿತ್ತು.

ಆದ್ದರಿಂದ, “ಎರಡು ಲೀಟರು ಡೀಸೆಲ್ಲಿಗೆ ಇಷ್ಟು ರಾದ್ಧಾಂತವೇ” ಎನ್ನುವವರಿಗೆ ನಾನು ಹೇಳುವುದು ಇಷ್ಟೆ: ಡೀಸೆಲ್ಲಿನ ಮಾತು ಹಾಗಿರಲಿ, ಜೀಪು ಹೋಗಬೇಕಾಗಿದ್ದ ಜಾಗಕ್ಕೆ ಹೋಗಿತ್ತೇ ನೋಡಿ. ಲಾಗ್ ಬುಕ್ಕಿನಲ್ಲಿ ಸುಳ್ಳು ಬರೆದರೆ ಆ ಸುಳ್ಳಿನ ಇನ್ನೊಂದು ತುದಿಯಲ್ಲಿ ಯಾರೋ ಕೊಡ ಹೊತ್ತು ನಿಂತಿರುತ್ತಾರೆ.

ಇನ್ನೊಂದು ವಿಷಯವನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಆ ತಿಂಗಳು ಎರಡು ಭಾನುವಾರ ಜೀಪು ಊರು ಬಿಟ್ಟು ಹೋಗಿತ್ತು. ಸಾಹೇಬರು ಹೆಂಡತಿಯ ತವರಿನ ಮದುವೆಗೆ ಹೋದರು ಎಂದು ಊರೆಲ್ಲ ಗುಲ್ಲು. ಲಾಗ್ ಬುಕ್ಕಿನಲ್ಲಿ ‘ಕೆರೆ ಏರಿ ವೀಕ್ಷಣೆ’ ಎಂದಿತ್ತು. ಟೀಚರಮ್ಮ ಆ ಹಳ್ಳಿಯವರನ್ನೂ ವಿಚಾರಿಸಿದರು. ಏರಿ ಬಿರುಕು ಬಿಟ್ಟಿದ್ದು ನಿಜ, ಸಾಹೇಬರು ಕೆಸರಿನಲ್ಲಿ ನಿಂತು ರಾತ್ರಿ ಎಂಟರವರೆಗೆ ಮರಳು ಚೀಲ ಹಾಕಿಸಿದ್ದೂ ನಿಜ. ಮೇಲಧಿಕಾರಿಗಳಿಗೆ ಬರೆದ ದೂರಿನಲ್ಲಿ ಟೀಚರಮ್ಮ ಆ ಎರಡು ಭಾನುವಾರವನ್ನು ಸೇರಿಸಲಿಲ್ಲ. ಅಷ್ಟೇ ಅಲ್ಲ, ‘ಈ ಎರಡು ದಿನದ ಓಡಾಟ ಸರಿಯಾಗಿದೆ’ ಎಂದು ಬರೆದೇ ಕೊಟ್ಟರು.

ಡ್ರೈವರನ ಹೆಂಡತಿ ಬಂದಳು

ದೂರು ಹೋದ ಒಂದು ತಿಂಗಳಿಗೆ ನೋಟೀಸು ಬಂತು. ಯಾರಿಗೆ? ಡ್ರೈವರನಿಗೆ! ಲಾಗ್ ಬುಕ್ ತಪ್ಪು ಬರೆದದ್ದು ನೀನು, ವಿವರಣೆ ಕೊಡು ಎಂದು. ಅವನು ಹೊರಗುತ್ತಿಗೆಯವನು, ಏಜೆನ್ಸಿಯವರು ನಾಳೆ ಬರಬೇಡ ಎಂದರೆ ಮುಗಿಯಿತು. ಅವನ ಹೆಂಡತಿ ಕಂಕುಳಲ್ಲಿ ಕೂಸು ಹಿಡಿದು ಟೀಚರಮ್ಮನ ಜಗಲಿಗೆ ಬಂದಳು. “ಅಮ್ಮಾ, ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ. ಸಾಹೇಬರು ಬರಿ ಅಂದದ್ದನ್ನ ಇವರು ಬರೆದರು. ಬರೆಯಲ್ಲ ಅನ್ನೋಕೆ ಇವರಿಗೆ ಆಗತ್ತಾ?” ಎಂದು ಅತ್ತಳು.

ಇಂಥ ಕಡೆ ನಮ್ಮಂಥವರು ಏನು ಮಾಡುತ್ತಿದ್ದೆವು? ಬಹುಶಃ ದೂರನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆವು. ಟೀಚರಮ್ಮ ಇನ್ನೊಂದು ಕಾಗದ ಬರೆದರು. ನನ್ನ ದೂರು ಬರೆದವನ ಮೇಲಲ್ಲ, ಪ್ರತಿ ಸಾಲಿನ ಕೊನೆಗೆ ಸಹಿ ಹಾಕಿದವರ ಮೇಲೆ. ಸಹಿಯ ಅಂಕಣವನ್ನು ದಯವಿಟ್ಟು ನೋಡಿ ಎಂದು, 11 ಸಹಿಗಳಿಗೂ ಕೆಂಪು ಶಾಯಿಯಲ್ಲಿ ಗುರುತು ಮಾಡಿ ಕಳಿಸಿದರು. ಆಮೇಲೆ ಸಾಹೇಬರಿಂದ ವಿವರಣೆ ಕೇಳಿದರು. ಅವರು ಖಾಸಗಿ ಓಡಾಟದ ಹಣವನ್ನು ಖಜಾನೆಗೆ ಕಟ್ಟಿದರು. ದೊಡ್ಡ ಮೊತ್ತವೇನಲ್ಲ. ಡ್ರೈವರನ ಕೆಲಸ ಉಳಿಯಿತು, ಬೇರೆ ಕಚೇರಿಗೆ ಹಾಕಿದರು. ಹಾಸ್ಟೆಲ್ಲಿಗೆ ಹೊಸ ಮೋಟಾರು ಬಂತು. ಮಗು ಈಗ ಅಕ್ಕಪಕ್ಕದ ಮಕ್ಕಳ ಜೊತೆ ಆಟೋದಲ್ಲಿ ಹೋಗುತ್ತದೆ. ಸಾಹೇಬರ ಮನೆಯವರು ದೇವಸ್ಥಾನದಲ್ಲಿ ಎದುರಾದರೆ ಟೀಚರಮ್ಮನನ್ನು ಮಾತಾಡಿಸುವುದಿಲ್ಲ. ಅದಕ್ಕೆ ಮಾತ್ರ ಟೀಚರಮ್ಮನಿಗೆ ಬೇಸರವಿದೆ.

ಆ ತಾಯಿಯನ್ನು ಜರೆಯಲು ನನಗೂ ಮನಸ್ಸಿಲ್ಲ. ಅಧಿಕಾರಿಗಳ ಮಡದಿಯರಲ್ಲೂ ಈ ಪತ್ರಿಕೆಯನ್ನು ಓದುವವರು ಎಷ್ಟೋ ಜನ ಇದ್ದೀರಿ. ಮನೆಯ ಮುಂದೆ ಗಾಡಿ ನಿಂತಿರುತ್ತದೆ, ಡ್ರೈವರ್ ಸುಮ್ಮನೆ ಕೂತಿರುತ್ತಾನೆ, ಮಳೆ ಸುರಿಯುತ್ತಿರುತ್ತದೆ, ಮಗುವಿಗೆ ಪರೀಕ್ಷೆ. ಹೋಗಿ ಬಿಟ್ಟು ಬಾಪ್ಪ ಎನ್ನುವುದು ಬಾಯಿಗೆ ತಾನಾಗಿ ಬರುವ ಮಾತು. ಆದರೆ ಊರಿನವರ ಕಣ್ಣಿಗೆ ಬೀಳುವವರು ಯಾವಾಗಲೂ ನೀವು, ನಿಮ್ಮ ಮಕ್ಕಳು, ನಿಮ್ಮ ತರಕಾರಿ ಚೀಲ. ಸಹಿ ಹಾಕಿದವರು ಕಚೇರಿಯೊಳಗೆ ಇರುತ್ತಾರೆ. ನಿಮ್ಮವರ ಹುದ್ದೆಗೆ ಸ್ವಂತ ಕೆಲಸಕ್ಕೂ ಗಾಡಿ ಬಳಸುವ ಅವಕಾಶ ಉಂಟೇ, ಉಂಟಾದರೆ ಎಷ್ಟು ಹಣ ಕಟ್ಟಬೇಕು ಎಂದು ಒಮ್ಮೆ ಮನೆಯಲ್ಲೇ ಕೇಳಿ ತಿಳಿದುಕೊಳ್ಳಿ. ಅವಕಾಶವಿದ್ದರೆ ಲಾಗ್ ಬುಕ್ಕಿನಲ್ಲಿ ‘ಖಾಸಗಿ’ ಎಂದೇ ಬರೆಸಿ.

ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಮನೆಯ ಮಾತು ಹೇಳುತ್ತಾರಲ್ಲ. ಅವರು ಪ್ರಧಾನಿಯಾಗಿದ್ದಾಗ ಮಗ ಸರ್ಕಾರಿ ಕಾರನ್ನು ಸ್ವಂತ ಸುತ್ತಾಟಕ್ಕೆ ತೆಗೆದುಕೊಂಡು ಹೋಗಿದ್ದರಂತೆ. ಮರುದಿನ ಶಾಸ್ತ್ರಿಯವರು ಡ್ರೈವರನನ್ನು ಕರೆದು, ಎಷ್ಟು ಕಿಲೋಮೀಟರು ಓಡಿದೆ ಎಂದು ಕೇಳಿ, ಖಾಸಗಿ ಎಂದು ಬರೆಸಿ ಹಣ ಕಟ್ಟಿಸಿದರೆಂದು ಆ ಮನೆಯವರೇ ನೆನೆಸಿಕೊಂಡಿದ್ದಾರೆ. ಕೊನೆಗೆ ಮನೆಗೆಂದು ಕೊಂಡ ಫಿಯೆಟ್ ಕಾರಿನ ಬೆಲೆ 12,000 ರೂಪಾಯಿ. ಅದರಲ್ಲಿ 5,000 ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಾಲ. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಶಾಸ್ತ್ರಿಯವರು ತೀರಿಕೊಂಡ ಮೇಲೆ ಆ ಸಾಲವನ್ನು ಲಲಿತಾ ಶಾಸ್ತ್ರಿಯವರು ತಮ್ಮ ಪೆನ್ಷನ್ನಿನಿಂದ ತೀರಿಸಿದರು.

ಕಾಗೆ ಕೂತ ಕಾರು

ದೊಡ್ಡವರ ಗಾಡಿಯ ಬಗ್ಗೆ ನಾವು ಮಾತಾಡುವುದಿಲ್ಲ ಅಂತಲ್ಲ, ಬೇಕಾದಷ್ಟು ಆಡುತ್ತೇವೆ. ಯಾವುದನ್ನು ಆಡಬೇಕೋ ಅದನ್ನು ಬಿಟ್ಟು ಆಡುತ್ತೇವೆ ಅಷ್ಟೆ. 2016ರ ಜೂನಿನಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಕಾರಿನ ಮೇಲೆ ಒಂದು ಕಾಗೆ ಬಂದು ಕೂತಿತು. ಓಡಿಸಿದರೂ ಏಳಲಿಲ್ಲ. ಟೀವಿಯವರು ಜ್ಯೋತಿಷಿಗಳನ್ನು ಕರೆಸಿ ಶನಿಕಾಟದ ಚರ್ಚೆಯನ್ನೇ ನಡೆಸಿದರು. ಕೆಲವೇ ದಿನಕ್ಕೆ ಹೊಸ ಕಾರು ಬಂದಾಗ ಕಾಗೆಗೂ ಕಾರಿಗೂ ಸಂಬಂಧವಿಲ್ಲ ಎಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಹಳೆಯ ಕಾರು ಎಷ್ಟು ಕಿಲೋಮೀಟರು ಓಡಿತ್ತು, ಬದಲಾಯಿಸುವ ಕಾಲ ಬಂದಿತ್ತೇ ಎನ್ನುವುದು ಕೇಳಬೇಕಾದ ಪ್ರಶ್ನೆ. ನಾವು ಕಾಗೆಯ ಶಾಂತಿ ಹೋಮದ ಮಾತಿನಲ್ಲೇ ಮುಳುಗಿದ್ದೆವು.

ಹಾಗೆಂದು ಎಲ್ಲ ಸಲವೂ ಹೀಗೇ ಆಗಿಲ್ಲ. ಕಾರಿನ ಮೇಲಿನ ಕೆಂಪು ದೀಪ ನೋಡಿ. ಸುಪ್ರೀಂ ಕೋರ್ಟು 2013ರಲ್ಲಿ ಅದಕ್ಕೆ ಕಡಿವಾಣ ಹಾಕಿತು, 2017ರ ಮೇ 1ರಿಂದ ಮಂತ್ರಿಗಳ ಕಾರಿನಿಂದಲೂ ದೀಪ ಇಳಿಯಿತು. 2023ರ ಆಗಸ್ಟಿನಲ್ಲಿ ನಮ್ಮ ರಾಜ್ಯದ 33 ಮಂತ್ರಿಗಳಿಗೆ ಸುಮಾರು 9.9 ಕೋಟಿ ರೂಪಾಯಿಯಲ್ಲಿ 33 ಹೊಸ ಕಾರು ಕೊಳ್ಳಲು ಸರ್ಕಾರ ಒಪ್ಪಿಗೆ ಕೊಟ್ಟಾಗ, ಟೆಂಡರು ಕರೆಯಲಿಲ್ಲವೇಕೆ ಎಂಬ ಸರಿಯಾದ ಪ್ರಶ್ನೆ ಎದ್ದಿತು. 2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ತಮಾಷೆ. ಮುಖ್ಯಮಂತ್ರಿಗಳ ಸರ್ಕಾರಿ ಕಾರು 2024ರಿಂದ ಏಳು ಸಲ ಸಂಚಾರ ನಿಯಮ ಮುರಿದಿದ್ದು ಹೊರಗೆ ಬಂತು. ಅದರಲ್ಲಿ ಆರು ಸಲ ಮುಂದಿನ ಸೀಟಿನವರು ಬೆಲ್ಟು ಹಾಕದ್ದಕ್ಕೆ. ಬೀದಿಯ ಕ್ಯಾಮೆರಾ ಹಿಡಿದಿತ್ತು, ಕಾರಿನ ನಂಬರು ಹಾಕಿದವರಿಗೆಲ್ಲ ಕಾಣುತ್ತಿತ್ತು. ಅರ್ಧ ದಂಡದ ರಿಯಾಯಿತಿ ನಡೆಯುತ್ತಿದ್ದ ದಿನಗಳಲ್ಲೇ ದಂಡ ಕಟ್ಟಿದರು. ಕ್ಯಾಮೆರಾಗೆ ದೊಡ್ಡವರು ಚಿಕ್ಕವರು ಎಂಬ ಭೇದ ತಿಳಿಯದಿರುವುದು ಎಷ್ಟು ಒಳ್ಳೆಯದು!

ಅರ್ಜಿ ಹಾಕುವ ಬಗೆ

ಈಗ ನಿಮ್ಮಲ್ಲಿ ಯಾರಿಗಾದರೂ ಲಾಗ್ ಬುಕ್ ನೋಡಬೇಕೆನ್ನಿಸಿದರೆ ಏನು ಮಾಡಬೇಕು? ನಮ್ಮ ರಾಜ್ಯದಲ್ಲಿ ಇದಕ್ಕೆ ‘ನಮೂನೆ ಎ’ ಎಂಬ ಫಾರಂ ಇದೆ. ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಬೇಕು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಲಿ. ಗಾಡಿಯ ನಂಬರು, ಯಾವ ತಾರೀಖಿನಿಂದ ಯಾವ ತಾರೀಖು, ಲಾಗ್ ಬುಕ್ಕಿನ ದೃಢೀಕೃತ ನಕಲು ಬೇಕು ಎಂದಿಷ್ಟೇ ಬರೆಯಿರಿ. ‘ಯಾಕೆ ದುರುಪಯೋಗ ಮಾಡುತ್ತಿದ್ದೀರಿ’ ಎಂದು ಕೇಳಿದರೆ ಅದಕ್ಕೆ ಉತ್ತರ ಬರುವುದಿಲ್ಲ, ಏಕೆಂದರೆ ಅದು ದಾಖಲೆಯಲ್ಲ, ಜಗಳ. ನಿಮಗೆ ಯಾಕೆ ಬೇಕು ಎಂದು ಅವರೂ ಕೇಳುವಂತಿಲ್ಲ.

30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ, ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ, ಇನ್ನು 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲನೇ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಕಾರಣವಿಲ್ಲದೆ ಸತಾಯಿಸಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ಆಯೋಗ ದಂಡ ಹಾಕಬಹುದು. ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುವ ಚಾಳಿ ಈಗ ಹೆಚ್ಚಾಗಬಹುದು, ಏಕೆಂದರೆ 2025ರ ನವೆಂಬರಿನಲ್ಲಿ ಆ ಕಲಮು ಬದಲಾಗಿ ಮೊದಲಿಗಿಂತ ಬಿಗಿಯಾಯಿತು. ಆದರೂ ಸಾರ್ವಜನಿಕ ಹಿತ ಹೆಚ್ಚಿನದಾದರೆ ಕೊಡಬಹುದು ಎನ್ನುವ 8(2)ನೇ ಕಲಮು ಹಾಗೆಯೇ ಇದೆ, ಮೇಲ್ಮನವಿಯಲ್ಲಿ ಅದನ್ನು ಹೆಸರಿಸಿ.

ನಕಲು ಕೈಗೆ ಬಂದಮೇಲೆ ಮೊದಲು ಮೀಟರಿನ ಅಂಕಿ ನೋಡಿ. ಇಂದಿನ ಕೊನೆಯ ಅಂಕಿಯೇ ನಾಳೆಯ ಮೊದಲ ಅಂಕಿಯಾಗಿರಬೇಕು. ನಡುವೆ ಹಾರಿದ್ದರೆ ಬರೆಯದ ಓಡಾಟ ಇದೆ ಎಂದರ್ಥ. ಆಮೇಲೆ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಒಂದು ತಿಂಗಳು ಲೀಟರಿಗೆ 12 ಓಡಿದ ಗಾಡಿ ಮುಂದಿನ ತಿಂಗಳು 7ಕ್ಕೆ ಇಳಿದರೆ, ಒಂದೋ ಗಾಡಿಗೆ ರಿಪೇರಿ ಬೇಕು, ಇಲ್ಲವೇ ಡೀಸೆಲ್ ಬೇರೆಲ್ಲೋ ಹೋಗಿದೆ. ಗ್ಯಾಸ್ ಸಿಲಿಂಡರು ಎಷ್ಟು ದಿನ ಬಂತು ಎಂದು ಲೆಕ್ಕ ಇಡುವ ನಮಗೆ ಇದು ಕಷ್ಟವೇ?

ಒಂದು ಎಚ್ಚರಿಕೆಯ ಮಾತು. ಮಾಹಿತಿ ಹಕ್ಕಿನ ಹೆಸರಿನಲ್ಲಿ ಅಧಿಕಾರಿಗಳನ್ನು ಹೆದರಿಸಿ ದುಡ್ಡು ವಸೂಲಿ ಮಾಡುವ ಜನ ನಮ್ಮ ನಡುವೆ ಇದ್ದಾರೆ, ಅಂಥವರು ಜೊತೆಗೆ ಬಂದರೆ ಸೇರಿಸಿಕೊಳ್ಳಬೇಡಿ. ಪ್ರಾಮಾಣಿಕವಾಗಿ ಕೇಳಿದವರಿಗೆ ಅಪಾಯ ಒದಗಿದ್ದೂ ಉಂಟು. ಪುಣೆಯ ಹತ್ತಿರದ ತಳೆಗಾಂವ್‌ನಲ್ಲಿ ಭೂಮಿಯ ಅವ್ಯವಹಾರಗಳ ಬೆನ್ನು ಹತ್ತಿದ್ದ ಸತೀಶ್ ಶೆಟ್ಟಿಯವರನ್ನು 2010ರ ಜನವರಿಯಲ್ಲಿ ಕೊಂದರು. ಆದ್ದರಿಂದ ಒಬ್ಬಂಟಿಯಾಗಿ ಹೊರಡಬೇಡಿ. ಮಹಿಳಾ ಸಂಘದ ನಾಲ್ಕು ಜನ ಕೂತು ಓದಿ ಅರ್ಜಿ ಹಾಕಿ, ಪ್ರತಿಯೊಂದು ಕಾಗದದ ಒಂದು ನಕಲು ಇನ್ನೊಬ್ಬರ ಮನೆಯಲ್ಲಿರಲಿ.

ಅರ್ಜಿಯನ್ನು ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. ಅಂಚೆಯಲ್ಲಾದರೆ ನೋಂದಾಯಿಸಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮೂವತ್ತನೇ ದಿನ ಯಾವುದೆಂದು ಹಾಲಿನ ಕ್ಯಾಲೆಂಡರಿನಲ್ಲಿ ಅಂದೇ ಗುರುತು ಮಾಡಿ.